ಉಷ್ಣದೇಶ ವಾನಪ್ರಸ್ಥ ಮೀಮಾಂಸೆ

ಅಥ. ಶೀತದೇಶದಲ್ಲಿ ಹುಟ್ಟಿ, ಅಲ್ಲೇ ದುಡಿದು, ಮಂಡಿನೋವು ಶುರುವಾದೊಡನೆ ಥಾಯ್ಲೆಂಡಿಗೆ ಹೊರಟುಬಿಡುವ ಬ್ರಿಟಿಷ್, ಜರ್ಮನ್, ಸ್ವೀಡಿಷ್, ಅಮೆರಿಕನ್ ಗೃಹಸ್ಥರ ಆಚಾರವೇ ಈ ಗ್ರಂಥದ ವಿಷಯ. ಸೆಖೆಯನ್ನು ಬಯಸುವವನು ಇದಕ್ಕೆ ಅಧಿಕಾರಿ. ಅಗ್ಗದ ಬಾಡಿಗೆ ಪ್ರಯೋಜನ. ಪಿಂಚಣಿಗೂ ಥಾಯ್ ಬಾತ್‌ಗೂ ನಡುವಿನ ವಿನಿಮಯ ದರವೇ ಸಂಬಂಧ. ಹೀಗೆ ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಿದ್ದಾಯಿತು. ಯಾವ ಶಾಸ್ತ್ರಗ್ರಂಥವೂ ಇಷ್ಟು ಬೇಗ ಹಣದ ಮಾತಿಗೆ ಬಂದಿದ್ದಿಲ್ಲ.

ಆಗಲೇ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ವಾನಪ್ರಸ್ಥವೆಂದರೆ ತ್ಯಾಗ. ಗಾಲ್ಫ್ ಕೋಲುಗಳ ಚೀಲ ಹೊತ್ತು ವಿಮಾನ ಹತ್ತಿದವನಲ್ಲಿ ತ್ಯಾಗ ಎಲ್ಲಿದೆ?’ ಆಕ್ಷೇಪ ಬಲವಾದದ್ದೇ. ಉತ್ತರ ಭೂಮಿಪ್ರಕರಣದಲ್ಲಿದೆ. ಅಲ್ಲಿಯವರೆಗೆ ಅವನು ಟೋಕನ್ ಹಿಡಿದು ಕೂತಿರಲಿ. ಈ ಆಶ್ರಮದ ಮೊದಲ ಸಾಧನೆಯೂ ಅದೇ.

ಅಧಿಕಾರಿ ಯಾರೆಂಬುದನ್ನು ಮೊದಲು ನೋಡೋಣ. ಚರ್ಮ ಸುಕ್ಕಾಗಿ, ಕೂದಲು ನರೆತು, ಮಗನಿಗೆ ಮಕ್ಕಳಾದದ್ದನ್ನು ಕಂಡ ಮೇಲೆ ಗೃಹಸ್ಥ ಕಾಡಿಗೆ ಹೊರಡಬೇಕೆಂದು ಮನುವಿನ ವಿಧಿ. ಥಾಯ್ ಸರ್ಕಾರ ಮೊಮ್ಮಗನನ್ನು ಕೈಬಿಟ್ಟಿದೆ. ಸುಕ್ಕನ್ನೂ ಯಾರೂ ಪರೀಕ್ಷಿಸುವುದಿಲ್ಲ. 50 ವರ್ಷ ತುಂಬಿದ್ದರೆ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಅಲ್ಲಿನ ಕಡತಗಳಲ್ಲಿ ನಡೆಯುವುದು ಬುದ್ಧಶಕೆ. ಅದು ನಮ್ಮ ಕ್ರಿಸ್ತಶಕೆಗಿಂತ 543 ವರ್ಷ ಮುಂದಿದೆ. ಹಾಗಾಗಿ 1960ರಲ್ಲಿ ಹುಟ್ಟಿದವನು ಆ ಕಾಗದಗಳ ಪ್ರಕಾರ 2503ರಲ್ಲಿ ಹುಟ್ಟುತ್ತಾನೆ. ಇನ್ನೂ ಹುಟ್ಟದವನು ನಿವೃತ್ತನಾಗುವುದು ಹೇಗೆ ಎಂಬ ಪ್ರಶ್ನೆಗೆ ಇಮಿಗ್ರೇಷನ್ ಕಚೇರಿಯ ಉತ್ತರ: ಫೋಟೊ ಪ್ರತಿ ಎಲ್ಲಿ?

ಈಗ ಧನಪ್ರಕರಣ. ವರ್ಷದ ವೀಸಾ ವಿಸ್ತರಣೆ ಬೇಡುವವನು ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು. ಅರ್ಜಿಗೆ ಎರಡು ತಿಂಗಳು ಮುಂಚೆಯೇ ಅದು ಅಲ್ಲಿರಬೇಕು, ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಅಲುಗಬಾರದು. ಮಿಕ್ಕ ತಿಂಗಳುಗಳಲ್ಲಿ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಅಂದರೆ ಮೊದಲ 4 ಲಕ್ಷ ಗರ್ಭಗುಡಿಯ ಮೂಲವಿಗ್ರಹ, ಎಂದೂ ಕದಲದು. ಉಳಿದ 4 ಲಕ್ಷ ಉತ್ಸವಮೂರ್ತಿ. ಏಳು ತಿಂಗಳು ಬೀದಿ ಸುತ್ತಿ ಬರಬಹುದು, ಗೊತ್ತಾದ ಮುಹೂರ್ತಕ್ಕೆ ಒಳಗೆ ಬಂದು ಕೂತಿರಬೇಕು. ತನ್ನದೇ ಹಣವನ್ನು ಮುಟ್ಟದೆ, ಆಗಾಗ ಪಾಸ್‌ಬುಕ್ಕಿನಲ್ಲಿ ದರ್ಶನ ಮಾತ್ರ ಪಡೆಯುವ ಈ ಸ್ಥಿತಿಯನ್ನು ವೈರಾಗ್ಯ ಎನ್ನಬಹುದೇ ಎಂದು ಪೂರ್ವಪಕ್ಷಿಯನ್ನು ಕೇಳಿದೆವು. ಅವನು ಒಪ್ಪಲಿಲ್ಲ.

ಠೇವಣಿ ಇಡಲಾರದವನಿಗೆ ಇನ್ನೊಂದು ದಾರಿಯಿದೆ: ತಿಂಗಳಿಗೆ 65,000 ಬಾತ್ ವರಮಾನ ತೋರಿಸುವುದು. ಪ್ರಮಾಣಶಾಸ್ತ್ರದಲ್ಲಿ ಒಂದು ಕ್ರಾಂತಿಯೇ ನಡೆದದ್ದು ಇಲ್ಲಿ. ಹಿಂದೆ ‘ಇವರಿಗೆ ಇಷ್ಟು ವರಮಾನವಿದೆ’ ಎಂದು ರಾಯಭಾರ ಕಚೇರಿಯ ಪತ್ರ ತಂದರೆ ಸಾಕಿತ್ತು, ಶಬ್ದಪ್ರಮಾಣಕ್ಕೆ ಮರ್ಯಾದೆಯಿತ್ತು. 2019ರ ಹೊತ್ತಿಗೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ರಾಯಭಾರ ಕಚೇರಿಗಳು ಅಂಥ ಪತ್ರ ಕೊಡುವುದನ್ನು ನಿಲ್ಲಿಸಿದವು. ಅಂದಿನಿಂದ ಆ ದೇಶಗಳವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ: ತಿಂಗಳು ತಿಂಗಳೂ ಹೊರದೇಶದಿಂದ ಹಣ ಬಂದು ಬಿದ್ದದ್ದು ಬ್ಯಾಂಕಿನ ಲೆಕ್ಕದಲ್ಲಿ ಕಾಣಬೇಕು. ಚಾರ್ವಾಕನು ಇಷ್ಟು ದೊಡ್ಡ ಗೆಲುವನ್ನು ಭಾರತದಲ್ಲಿ ಎಂದೂ ಕಂಡಿರಲಿಲ್ಲ.

ಕರ್ಮಗಳು ನಾಲ್ಕು ಬಗೆ. ತೊಂಬತ್ತು ದಿನಕ್ಕೊಮ್ಮೆ ‘ನಾನು ಇನ್ನೂ ಇದೇ ವಿಳಾಸದಲ್ಲಿದ್ದೇನೆ’ ಎಂದು ಸರ್ಕಾರಕ್ಕೆ ತಿಳಿಸುವುದು ನಿತ್ಯಕರ್ಮ. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ದಂಡವಿದೆ. ನಿತ್ಯಕರ್ಮದ ಲಕ್ಷಣ ಇದಕ್ಕಿಂತ ಚೆನ್ನಾಗಿ ಎಲ್ಲೂ ಕೂಡಿಬಂದಿಲ್ಲ. ಮೊಮ್ಮಗಳ ಮದುವೆಗೆಂದು ಊರಿಗೆ ಹೋಗುವ ಮುನ್ನ ಮರುಪ್ರವೇಶದ ಪರವಾನಗಿ ಪಡೆಯುವುದು ನೈಮಿತ್ತಿಕ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿಬರಲು 3,800. ಇದನ್ನು ಮರೆತು ಗಡಿ ದಾಟಿದವನ ವಾಸದ ಅನುಮತಿ ಆ ಕ್ಷಣವೇ ಬಿದ್ದುಹೋಗುತ್ತದೆ. ಅವನು ಮತ್ತೆ ಮೊದಲ ಅರ್ಜಿಯಿಂದ ಹುಟ್ಟಿಬರಬೇಕು. ಪುನರ್ಜನ್ಮಕ್ಕೆ ಪುರಾವೆ ಕೇಳುವ ಪಾಶ್ಚಾತ್ಯರಿಗೆ ಇದಕ್ಕಿಂತ ಇನ್ನೇನು ಬೇಕು? ಗಾಲ್ಫು, ಬಿಯರು, ಕಾಲು ಒತ್ತಿಸಿಕೊಳ್ಳುವುದು ಕಾಮ್ಯಕರ್ಮ. ದುಡಿಮೆ ನಿಷಿದ್ಧ, ಪಕ್ಕದ ಶಾಲೆಯಲ್ಲಿ ಪುಕ್ಕಟೆ ಇಂಗ್ಲಿಷ್ ಪಾಠ ಹೇಳಬೇಕೆಂದರೂ ಅನುಮತಿಪತ್ರ ಬೇಕು. ಅವಧಿ ಮೀರಿ ಉಳಿದವನಿಗೆ ಪ್ರಾಯಶ್ಚಿತ್ತ ದಿನಕ್ಕೆ 500 ಬಾತ್, ಗರಿಷ್ಠ 20,000. ಅಂದರೆ ನಲವತ್ತನೆಯ ದಿನಕ್ಕೆ ಪಾಪದ ಕೊಡ ತುಂಬುತ್ತದೆ. ಆಮೇಲಿನದು ದಂಡದ ಲೆಕ್ಕದಲ್ಲಿ ಉಚಿತವೆಂದು ಹಿಗ್ಗಿದವನಿಗೆ, ತೊಂಬತ್ತು ದಿನ ದಾಟಿದ ಮೇಲೆ ವರ್ಷಗಟ್ಟಲೆ ದೇಶಪ್ರವೇಶವೇ ಇಲ್ಲ.

ಶಾಖೆಗಳಲ್ಲಿ ಉತ್ತರದ ಚಿಯಾಂಗ್ ಮಾಯ್‌ ಶಾಖೆಯವರು ತಪಸ್ವಿಗಳು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲದ ಕೂಳೆಗೂ ಕಾಡಿಗೂ ಬೆಂಕಿ ಬಿದ್ದು, ಬೆಟ್ಟಗಳ ನಡುವಿನ ಆ ಬಟ್ಟಲಿನಲ್ಲಿ ಹೊಗೆ ನಿಂತುಬಿಡುತ್ತದೆ. ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯಲ್ಲಿ ಆಗ ಅದರ ಹೆಸರು ಮೇಲಕ್ಕೇರುತ್ತದೆ. ಹೊಗೆಯನ್ನೇ ಕುಡಿದು ತಪಸ್ಸು ಮಾಡುವ ಋಷಿಗಳ ಮಾತು ನಮ್ಮ ಪುರಾಣಗಳಲ್ಲಿದೆ. ಅವರು ಬಾಡಿಗೆ ಕೊಡುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಪಟ್ಟಾಯ ಶಾಖೆಯ ಬಗ್ಗೆ, ಇದು ಮನೆಮಂದಿಯೆಲ್ಲ ಓದುವ ಗ್ರಂಥವಾದ್ದರಿಂದ, ಅಲ್ಲಿ ನಾರ್ವೆಯವರ ಒಂದು ಚರ್ಚೂ ಇದೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇವೆ.

ಹುವಾ ಹಿನ್ ಶಾಖೆ ಶಿಷ್ಟರದು. ಕಡಲತೀರ, ಗಾಲ್ಫ್ ಮೈದಾನ, ಭಾನುವಾರ ಮಧ್ಯಾಹ್ನ ಬ್ರಿಟಿಷ್ ರೀತಿಯ ಸುಟ್ಟ ಮಾಂಸ, ಅದನ್ನು ತಿನ್ನಲು ಹದಿನೆಂಟು ಡಿಗ್ರಿಗೆ ಇಳಿಸಿದ ಏಸಿ. ಸೆಖೆ ಬೇಕು, ಆದರೆ ಗಾಜಿನ ಆಚೆ ಇರಲಿ ಎಂಬುದು ಈ ಶಾಖೆಯ ವಿಶಿಷ್ಟಾದ್ವೈತ. ಇಲ್ಲೇ 1920ರ ದಶಕದ ಕೊನೆಯಲ್ಲಿ ದೊರೆ ಪ್ರಜಾಧಿಪೋಕ್, ಅಂದರೆ ಏಳನೆಯ ರಾಮ, ಕ್ಲಾಯ್ ಕಂಗ್ವೊನ್ ಎಂಬ ಬೇಸಿಗೆ ಅರಮನೆ ಕಟ್ಟಿಸಿದರು. ಚಿಂತೆಯಿಂದ ದೂರ ಎಂದು ಆ ಹೆಸರಿನ ಅರ್ಥ. 1932ರ ಜೂನ್ 24ರಂದು ಬ್ಯಾಂಕಾಕ್‌ನಲ್ಲಿ ನಿರಂಕುಶ ರಾಜಪ್ರಭುತ್ವ ಕೊನೆಗೊಂಡಾಗ ದೊರೆ ಇದ್ದದ್ದು ಹುವಾ ಹಿನ್‌ನಲ್ಲೇ. ಚಿಂತೆಯಿಂದ ದೂರ ಎಂದು ಮನೆಗೆ ಹೆಸರಿಟ್ಟರೆ ಚಿಂತೆಗೆ ವಿಳಾಸ ಬರೆದುಕೊಟ್ಟಂತೆ ಎಂದು ವೃತ್ತಿಕಾರರು ಟಿಪ್ಪಣಿ ಬರೆದಿದ್ದಾರೆ (ವೃತ್ತಿಕಾರರೂ ನಾವೇ). ಮುಂದೆ ದೊರೆ ಇಂಗ್ಲೆಂಡಿಗೆ ಹೋದರು, 1935ರಲ್ಲಿ ಸಿಂಹಾಸನ ತ್ಯಜಿಸಿದರು, 1941ರಲ್ಲಿ ಅಲ್ಲೇ ತೀರಿಕೊಂಡರು. ಪೂರ್ವಪಕ್ಷಿ ಕುರ್ಚಿಯಿಂದ ಹಾರಿ ಎದ್ದ. ‘ನೋಡಿದಿರಾ! ಆ ಉಷ್ಣದೇಶದ ಒಡೆಯರೇ ವಾನಪ್ರಸ್ಥಕ್ಕೆ ಆರಿಸಿಕೊಂಡದ್ದು ಚಳಿ ಮಳೆಯ ಇಂಗ್ಲೆಂಡನ್ನು!’ ಇದಕ್ಕೆ ನಮ್ಮ ಸಮಾಧಾನ: ಅವರು ಅಗ್ಗದ ಬಾಡಿಗೆ ಹುಡುಕಿಕೊಂಡು ಹೋದವರಲ್ಲ. ಪ್ರಯೋಜನವೇ ಬೇರೆಯಾದಾಗ ದೃಷ್ಟಾಂತ ನಿಲ್ಲದು.

ಕನ್ನಡಿಗರ ಸಂಪ್ರದಾಯವೂ ಈ ಶಾಸ್ತ್ರಕ್ಕೆ ಪ್ರತಿಕೂಲ. ಜಯನಗರದ, ಸರಸ್ವತಿಪುರಂನ ಹಿರಿಯರು ಮನುವಿನ ವಿಧಿಯನ್ನು ಅಕ್ಷರಶಃ ಪಾಲಿಸುತ್ತಾರೆ: ಮೊಮ್ಮಗು ಹುಟ್ಟಿದ ಸುದ್ದಿ ಬಂದದ್ದೇ ಹೊರಡುತ್ತಾರೆ. ಕಾಡಿಗಲ್ಲ, ನ್ಯೂಜೆರ್ಸಿಗೆ. ಅದೂ ಹಿಮ ಬೀಳುವ ಹೊತ್ತಿಗೆ, ಚಟ್ನಿಪುಡಿ, ಬಜೆಬೇರು, ಬಾಣಂತಿ ಲೇಹ್ಯಗಳ ಸಮೇತ. ಅಗ್ಗದ ಬೆಚ್ಚನೆಯ ಊರನ್ನು ಬಿಟ್ಟು ದುಬಾರಿ ಚಳಿಗೆ ಆರು ತಿಂಗಳು ಹೋಗಿ ಕೂರುವ ಈ ತಪಸ್ಸಿನ ಮುಂದೆ ಹುವಾ ಹಿನ್ ಏನೇನೂ ಅಲ್ಲ. ಸಂದರ್ಶಕ ವೀಸಾದಲ್ಲಿ ದುಡಿಮೆ ಅಲ್ಲೂ ನಿಷಿದ್ಧವೇ. ಮೊಮ್ಮಗಳನ್ನು ಎತ್ತಿಕೊಳ್ಳುವುದು ದುಡಿಮೆಯಲ್ಲವೆಂದು ಎಲ್ಲರೂ ನಂಬಿದ್ದಾರೆ. ಎತ್ತಿಕೊಂಡ ಸೊಂಟದ ಅಭಿಪ್ರಾಯ ಬೇರೆ. ಪರಂಗಿಯವನು ಮಕ್ಕಳಿಂದ ದೂರ ಹೋಗಿ ಆಶ್ರಮ ಹೂಡುತ್ತಾನೆ, ನಮ್ಮವರು ಮಕ್ಕಳಿರುವಲ್ಲಿಗೇ ಹೋಗಿ ಆಶ್ರಮ ಕಳೆದುಕೊಳ್ಳುತ್ತಾರೆ. ಯಾರದು ಮೇಲು ಎಂಬುದನ್ನು ಸೊಸೆಯಂದಿರ ಸಮ್ಮುಖದಲ್ಲಿ ನಿರ್ಣಯಿಸಲಾಗದು.

ಅಶುಭಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಥಾಯ್ಲೆಂಡಿನಲ್ಲಿ ನೆಲೆಸಿದವನಿಗೆ ವರ್ಷ ವರ್ಷ ಏರುವುದಿಲ್ಲ, ಹೊರಟಾಗ ಎಷ್ಟಿತ್ತೋ ಅಷ್ಟೇ. ಅದೇ ಫಿಲಿಪೀನ್ಸಿಗೆ ಹೋಗಿದ್ದರೆ ಏರುತ್ತದೆ. ಭೂಗೋಳದ ಪಾಠದಲ್ಲಿ ನಿದ್ದೆ ಮಾಡಿದವರು ಇದನ್ನು ತಡವಾಗಿ ಕಲಿಯುತ್ತಾರೆ. ಅಮೆರಿಕದ ಮೆಡಿಕೇರ್ ಸಮುದ್ರ ದಾಟುವುದಿಲ್ಲ. ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದವನು ಹೊರಗಿನಿಂದ ತರಿಸಿಕೊಂಡ ಆದಾಯಕ್ಕೆ ತೆರಿಗೆ ಲೆಕ್ಕ ಒಪ್ಪಿಸಬೇಕೆಂಬ ಕಟ್ಟುನಿಟ್ಟು 2024ರ ಜನವರಿಯಿಂದ ಬಂದಿದೆ.

ಇನ್ನು ಭೂಮಿಪ್ರಕರಣ. ಬಹುಮಹಡಿ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇಕಡ 49ರವರೆಗೆ ವಿದೇಶಿಯರು ಫ್ಲ್ಯಾಟ್ ಕೊಳ್ಳಬಹುದು. ನೆಲ ಕೊಳ್ಳುವಂತಿಲ್ಲ. ಅಂದರೆ ಆಕಾಶದಲ್ಲಿ ಅರ್ಧಕ್ಕಿಂತ ಒಂದು ಪಾಲು ಕಡಿಮೆ ಹಕ್ಕಿದೆ, ಭೂಮಿಯಲ್ಲಿ ಕಿಂಚಿತ್ತೂ ಇಲ್ಲ. ಗುತ್ತಿಗೆಗೆ 30 ವರ್ಷ ಸಿಗುತ್ತದೆ. ಅರವತ್ತೈದರ ಸಾಧಕ ಸಹಿ ಹಾಕುವಾಗ ಬೆರಳು ಮಡಚಿ ಎಣಿಸಿ ಸುಮ್ಮನಾಗುತ್ತಾನೆ. ಹಾಗಾಗಿ ತೋಟದ ಮನೆಯ ಆಸೆ ಹೊತ್ತು ಥಾಯ್ ಮಡದಿಯನ್ನು ವರಿಸಿದವನು ಜಮೀನನ್ನು ಅವಳ ಹೆಸರಿನಲ್ಲಿ ಕೊಳ್ಳಿಸುತ್ತಾನೆ. ನೋಂದಣಿಯ ದಿನ ಭೂ ಕಚೇರಿಯ ಅಧಿಕಾರಿ ಅವನ ಮುಂದೆ ಒಂದು ಕಾಗದ ಇಡುತ್ತಾನೆ: ಈ ಜಮೀನಿಗೆ ಹಾಕಿದ ಹಣ ಪೂರ್ತಿ ನನ್ನ ಹೆಂಡತಿಯದು, ನನಗೆ ಇದರಲ್ಲಿ ಯಾವ ಪಾಲೂ ಇಲ್ಲ. ಜೀವಮಾನದ ಉಳಿತಾಯ ಸುರಿದವನು ಅದಕ್ಕೆ ನಗುನಗುತ್ತ ಸಹಿ ಹಾಕುತ್ತಾನೆ, ಎರಡು ಪ್ರತಿಗಳಿಗೆ.

ಪೂರ್ವಪಕ್ಷಿ ತ್ಯಾಗವನ್ನು ಒಪ್ಪಿಕೊಂಡು ಟೋಕನ್ ಹಿಂದಿರುಗಿಸಿದ. ಈ ಪ್ರಕರಣಕ್ಕೆ ಒಂದೆರಡು ಸಜೀವ ಉದಾಹರಣೆ ಸೇರಿಸುವ ಇಚ್ಛೆ ನಮಗಿತ್ತು. ಆದರೆ ವಿವರ ಕೊಡಲು ಒಪ್ಪಿದ್ದ ಸಾಧಕರೆಲ್ಲರೂ ‘ಮನೆಯಲ್ಲಿ ಒಂದು ಮಾತು ಕೇಳಿ ಹೇಳುತ್ತೇನೆ’ ಎಂದು ಎದ್ದು ಹೋದವರು ಈತನಕ ಬಂದಿಲ್ಲ.