ರಾಯರ ಚೆಂಡು

ಹೊಸ ತಿಪ್ಪಸಂದ್ರ ಮುಖ್ಯರಸ್ತೆಯ ಬೇಕರಿ; ಅದರ ಮೇಲೊಂದು ತರಗತಿ, ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್ ಕಲಿಸೋದು. ಎಚ್‌ಎಎಲ್‌ನಿಂದ ನಿವೃತ್ತರಾದ ರಾಯರು ಮೊಮ್ಮಗಳ ಜತೆ ಸೇರಿದ್ದಾರೆ.

“ತೆರೆದ ಕೂಡಲೇ ಒಂದು ಡಬ್ಬ ಬಂತಲ್ಲಮ್ಮ?”

“ಎಕ್ಸ್ ಒತ್ತಿ ಅಳಿಸಿ, ತಾತ. ಎಲ್ಲರೂ ಮೊದಲು ಮಾಡೋದೇ ಅದು.”

“ಅಳಿಸೋಕೆ ಯಾಕಿಟ್ಟರು?”

ಮೇಷ್ಟ್ರಿಗೆ ಇದು ಕೇಳಿಸಲಿಲ್ಲ. ಫೀಸು ಕಟ್ಟಿಯಾದವರ ಪ್ರಶ್ನೆಗಳು ಸಾಮಾನ್ಯವಾಗಿ ಕೇಳಿಸುವುದಿಲ್ಲ.

“ಸಾರ್, ಇವತ್ತು ಚೆಂಡು ಪುಟಿಸೋಣ. ಸೆಕೆಂಡಿಗೆ 24 ಫ್ರೇಮ್. ಲಾಟ್ವಿಯಾದ ‘ಫ್ಲೋ’ ಸಿನಿಮಾನ ಇದರಲ್ಲೇ ಮಾಡಿ 2025ರಲ್ಲಿ ಆಸ್ಕರ್ ಹೊಡೆದರು!”

“ಸಾಫ್ಟ್‌ವೇರ್‌ಗೆ ಎಷ್ಟು?”

“ಪೂರ್ತಿ ಉಚಿತ.”

“ಹಾಗಾದ್ರೆ ಫೀಸು?”

“ಎಕ್ಸ್ ಎಲ್ಲಿದೆ ಅಂತ ತೋರಿಸೋಕೆ, ಸಾರ್.”

ರಾಯರು ಎರಡು ಕೀಫ್ರೇಮ್ ಹಾಕಿದರು. ಚೆಂಡು ನೆಲವನ್ನೇ ತೂರಿ ಪಾತಾಳಕ್ಕಿಳಿಯಿತು.

“ನೆಲ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ ತಾತ, ನಾವೇ ನಿಲ್ಲಿಸಬೇಕು.”

“ನಮ್ಮ ಫ್ಯಾಕ್ಟರೀಲಿ ನೆಲ, ಗುರುತ್ವ ಎರಡೂ ಸರ್ಕಾರವೇ ಕೊಡ್ತಿತ್ತು!”