ಹೊಟ್ಟೆಯಿಲ್ಲದ ಅತಿಥಿ

ನಮ್ಮ ಮನೆಗೆ ಬಂದವರು ಬರಿಹೊಟ್ಟೆಯಲ್ಲಿ ವಾಪಸು ಹೋದದ್ದಿಲ್ಲ. ಸಿಲಿಂಡರ್ ಹೊತ್ತು ತಂದವನಿಗೆ ಮಜ್ಜಿಗೆ, ಕೊರಿಯರ್ ಹುಡುಗನಿಗೆ ಕೋಡುಬಳೆ, ಕರೆಂಟ್ ಮೀಟರ್ ನೋಡಲು ಬಂದವರಿಗೆ ಲೋಟದ ತುಂಬ ಕಾಫಿ. ಇದು ನಮ್ಮ ಅತ್ತೆಯವರ ಸಂವಿಧಾನ, ತಿದ್ದುಪಡಿಗೆ ಅವಕಾಶವಿಲ್ಲ. ಅವರು ಶೃಂಗೇರಿ ಕಡೆಯವರು. ತುಂಗೆಯ ಮೆಟ್ಟಿಲ ಮೇಲೆ ಕೂತು ದೇವರ ಮೀನುಗಳಿಗೆ ಮಂಡಕ್ಕಿ ಎಸೆಯುತ್ತ ಬೆಳೆದವರು. ಅಲ್ಲಿ ಮೀನು ಹಿಡಿಯುವಂತಿಲ್ಲ, ತಿನ್ನಿಸುವುದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಮೀನೆಂದರೆ ಅವರ ಪಾಲಿಗೆ ಬಾಯಿ ತೆರೆದು ನಿಂತ ಪುಣ್ಯ. ಇಂಥವರ ಕೈಗೆ ಜಠರವೇ ಇಲ್ಲದ ಪ್ರಾಣಿಯೊಂದು ಸಿಕ್ಕಿತು.

ಸಿಕ್ಕಿದ್ದು ರಿಟರ್ನ್ ಗಿಫ್ಟ್ ಆಗಿ. ಗೆಳತಿಯ ಹುಟ್ಟುಹಬ್ಬಕ್ಕೆ ಹೋದ ಮಗಳು ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ಎದೆಗವಚಿಕೊಂಡು ಬಂದಳು. ಒಳಗೆ ಕಿರುಬೆರಳುದ್ದದ ಗೋಲ್ಡ್ ಫಿಶ್. ಮೊದಲೆಲ್ಲ ಪೆನ್ಸಿಲ್ ಡಬ್ಬಿ ಕೊಡುತ್ತಿದ್ದರು. ಪೆನ್ಸಿಲ್ ಡಬ್ಬಿಯ ದೊಡ್ಡ ಗುಣವೆಂದರೆ ಅದು ಉಸಿರಾಡುವುದಿಲ್ಲ. ಇದಕ್ಕಾದರೋ ಮೆಟ್ಟಿಲು ಹತ್ತುವಷ್ಟರಲ್ಲಿ ಚಿನ್ನಪ್ಪ ಎಂಬ ಹೆಸರೂ ಬಿದ್ದಿತ್ತು. ಹೆಸರಿಟ್ಟ ಮೇಲೆ ವಾಪಸು ಕೊಡುವ ಮಾತೆಲ್ಲಿ?

ಮೊದಲ ರಾತ್ರಿ ಚಿನ್ನಪ್ಪ ಉಪ್ಪಿನಕಾಯಿ ಭರಣಿಯಲ್ಲಿ ಮಲಗಿದ. ಮಲಗಿದ ಎಂದು ನಾವು ಅಂದುಕೊಂಡೆವು. ರೆಪ್ಪೆಯೇ ಇಲ್ಲದವನ ನಿದ್ದೆಯನ್ನು ನಂಬುವುದು ಹೇಗೆ? ಬೆಳಿಗ್ಗೆ ನಾನು ಗುಂಡನೆಯ ಗಾಜಿನ ಬೋಗುಣಿ ತರೋಣವೆಂದೆ. ಸಿನಿಮಾಗಳಲ್ಲಿ ಹಾಗೇ ಇರುತ್ತದಲ್ಲ! ನಮ್ಮವರು ಅಷ್ಟು ಹೊತ್ತಿಗಾಗಲೇ ಓದಿ ಮುಗಿಸಿದ್ದರು. ಇಟಲಿಯ ಮೊಂಜಾ ಎಂಬ ಊರಿನಲ್ಲಿ 2004ರಲ್ಲೇ ದುಂಡು ಬೋಗುಣಿಯಲ್ಲಿ ಮೀನು ಸಾಕುವುದನ್ನು ನಿಷೇಧಿಸಿದ್ದಾರಂತೆ, ಮರುವರ್ಷ ರೋಮ್ ನಗರದಲ್ಲೂ. ನೀರು ಸಾಲದು, ಗಾಳಿ ಸಾಲದು, ಬಾಗಿದ ಗಾಜಿನಲ್ಲಿ ಲೋಕ ಸೊಟ್ಟಗೆ ಕಾಣುತ್ತದೆ ಎಂದು. "ನಮ್ಮ ಹನುಮಂತನಗರದ ಲೋಕ ನೆಟ್ಟಗಿನ ಗಾಜಿನಲ್ಲೂ ಸೊಟ್ಟಗೇ ಕಾಣೋದು" ಎಂದು ನಾನು ವಾದಿಸಿದ್ದು ದಾಖಲಾಗಲಿಲ್ಲ.

ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಹೋಗಿ 75 ಲೀಟರಿನ ಟ್ಯಾಂಕು ತಂದೆವು. ಜೊತೆಗೆ ಫಿಲ್ಟರು, ಗಾಳಿ ಗುಳುಗುಳು ಬಿಡುವ ಪಂಪು, ಜಲ್ಲಿ, ಕಸ ಎಳೆಯುವ ಪೈಪು, ನಲ್ಲಿ ನೀರಿನ ಕ್ಲೋರಿನ್ ಕೊಲ್ಲುವ ಹನಿ ಔಷಧ. ನೀರಿನ ಭಾರವೇ 75 ಕೆ.ಜಿ. ಎಂದು ಗೊತ್ತಾದ ಮೇಲೆ ಟಿ.ವಿ. ಸ್ಟ್ಯಾಂಡಿನ ಮೇಲಿನ ನಂಬಿಕೆ ಹೋಗಿ ಕಬ್ಬಿಣದ ಸ್ಟ್ಯಾಂಡೂ ಬಂತು. ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ ಎಂಬ ಗಾದೆ ನಮ್ಮ ಸಸ್ಯಾಹಾರಿ ಮನೆಗೆ ಪೂರಾ ಅರ್ಥವಾದದ್ದು ಅವತ್ತು. ಕೋಳಿಗಾದರೂ ನಾಲ್ಕಾಣೆ ಇತ್ತು, ಚಿನ್ನಪ್ಪ ಪುಕ್ಕಟೆ.

ಮನೆಯೇನೋ ಸಿದ್ಧವಾಯಿತು, ವಾಸಯೋಗ್ಯವಾಗಲಿಲ್ಲ. ಮೀನು ತಿಂದದ್ದರ ಫಲವಾಗಿ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ಅದೇ ನೀರು ಅದರ ಊಟದ ಮನೆ, ಅದೇ ಬಚ್ಚಲು, ಅದೇ ಉಸಿರು. ಆ ವಿಷವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಸೌಮ್ಯಗೊಳಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ತಾವಾಗಿಯೇ ಬಂದು ನೆಲೆಸಬೇಕು. ಕಣ್ಣಿಗೆ ಕಾಣದ ಈ ಪೌರಕಾರ್ಮಿಕರು ಕೆಲಸಕ್ಕೆ ಹಾಜರಾಗಲು ತಿಂಗಳಿಗೂ ಮಿಕ್ಕಿ ಬೇಕು. ಅಲ್ಲಿಯವರೆಗೆ ಪದೇ ಪದೇ ನೀರು ಬದಲಾಯಿಸುತ್ತಿರಬೇಕು.

ಚಿನ್ನಪ್ಪ ಬಂದ ಮುಹೂರ್ತವಾದರೂ ಯಾವುದು? 2024ರ ಮಾರ್ಚ್! ಬೆಂಗಳೂರಿನ ಕೊಳವೆಬಾವಿಗಳು ಆಕಳಿಸುತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನಮ್ಮವರು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಉಳಿದರ್ಧವನ್ನು ಚಿನ್ನಪ್ಪನಿಗಾಗಿ ಬಾಲ್ಕನಿಯಲ್ಲಿ ತೆರೆದಿಡುತ್ತಿದ್ದರು. ಟ್ಯಾಂಕಿನಿಂದ ತೆಗೆದ ನೀರು ಕರಿಬೇವಿನ ಗಿಡಕ್ಕೆ. ಅದು ಬಳಸಿದ ನೀರು, ದಂಡವಿಲ್ಲ. ನೈಟ್ರೇಟ್ ಎಂದರೆ ಗಿಡಕ್ಕೆ ಗೊಬ್ಬರವೇ ಆದ್ದರಿಂದ ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಹಸಿರಾಗಿದ್ದದ್ದು ಅದೊಂದೇ. ಪಕ್ಕದ ಮನೆಯವರು ಸಾರಿನ ಒಗ್ಗರಣೆಗೆಂದು ಎಲೆ ಕೇಳಿಕೊಂಡು ಬಂದಾಗ ಗೊಬ್ಬರದ ಮೂಲ ಹೇಳಲಿಲ್ಲ.

ಇನ್ನು ಊಟ. ಗೋಲ್ಡ್ ಫಿಶ್‌ಗೆ ಹಲ್ಲಿರುವುದು ಗಂಟಲಿನಲ್ಲಿ. ಅಗಿದದ್ದು ನೇರ ಕರುಳಿಗೆ ಜಾರುತ್ತದೆ. ನಡುವೆ ತಂಗಲು ಜಠರವಿಲ್ಲ. ಆದ್ದರಿಂದ "ಸಾಕು" ಎಂಬ ಭಾವನೆ ಅದಕ್ಕೆ ಸುಲಭಕ್ಕೆ ಬರುವುದಿಲ್ಲ. ಮೂರು ಸೆಕೆಂಡಿನ ನೆನಪು ಎಂಬ ಅಪವಾದವೂ ಸುಳ್ಳು. ತಿನ್ನಿಸುವವರ ಮುಖ, ಹೊತ್ತು ಎರಡನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಚಿನ್ನಪ್ಪ ಮನೆಯ ಅಧಿಕಾರ ಕೇಂದ್ರ ಯಾವುದೆಂದು ವಾರದೊಳಗೆ ಪತ್ತೆಹಚ್ಚಿದ. ಅತ್ತೆ ಹಾಲಿಗೆ ಕಾಲಿಟ್ಟರೆ ಸಾಕು, ಗಾಜಿಗೆ ಮೂತಿ ಒತ್ತಿ ಬಾಲ ಕುಣಿಸುವನು. ನಾನು ಹೋದರೆ ಜಲ್ಲಿ ಎಣಿಸುವನು.

"ನೋಡೇ, ಹ್ಯಾಗೆ ಬಾಯಿ ಬಿಡ್ತಾ ಇದೆ. ಹಸಿದ ಜೀವ ಕಣೇ."

"ಅದು ಉಸಿರಾಟ ಅತ್ತೆ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು."

"ಎರಡು ನಿಮಿಷದಲ್ಲಿ ನೀನು ಉಣ್ತೀಯಾ?"

ಉತ್ತರವಿಲ್ಲದ ಪ್ರಶ್ನೆ. ಮಧ್ಯಾಹ್ನ ನಾನು ಕಣ್ಣು ಮುಚ್ಚಿದಾಗ ಏನು ನಡೆಯುತ್ತಿತ್ತೆಂಬುದಕ್ಕೆ ಸಾಕ್ಷಿ ಸಂಜೆ ನೀರಿನ ಮೇಲೆ ತೇಲುತ್ತಿತ್ತು: ಊದಿಕೊಂಡ ಮಂಡಕ್ಕಿ. ಒಮ್ಮೆ ಚಪಾತಿಯ ಚೂರು. ಒಮ್ಮೆ, ದೇವರಾಣೆ, ತೇಂಗೊಳಲು. ಅಂಗಡಿಯ ಕಾಳು ಯಾಕೆ ಬೇಡವೆಂದರೆ, ಅದರ ಡಬ್ಬಿಯ ಹಿಂದೆ ಮೀನಿನ ಪುಡಿ ಎಂದು ಬರೆದಿರುವುದನ್ನು ಮೊಮ್ಮಗಳು ಜೋರಾಗಿ ಓದಿಬಿಟ್ಟಿದ್ದಳು. "ಮೀನಿಗೆ ಮೀನು ತಿನ್ನಿಸೋದಾ? ಶಿವ ಶಿವಾ!" ನಮ್ಮವರು ರಾಜಿಗೆಂದು ಇತಿಹಾಸ ತಂದರು. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಯಾವ ಮೀನಿಗೆ ಯಾವ ಮೇವು ಎಂದು ಬರೆದಿದ್ದಾನೆ ಎಂದರು. ಅತ್ತೆಗೆ ಖುಷಿಯಾಯಿತು. ಅದೆಲ್ಲ ಗಾಳ ಹಾಕಿ ಹಿಡಿಯುವುದಕ್ಕೆ ಎಂದು ಗೊತ್ತಾದಾಗ ಚಾಲುಕ್ಯರೂ ಅವರ ಮನಸ್ಸಿನಿಂದ ಬಿದ್ದುಹೋದರು.

ಕೊನೆಗೆ ಆಗಬೇಕಾದದ್ದು ಆಯಿತು. ಚಿನ್ನಪ್ಪ ಹೊಟ್ಟೆ ಉಬ್ಬಿ, ಓರೆಯಾಗಿ ತೇಲತೊಡಗಿದ. ಮಲಬದ್ಧತೆ. ಅಂಗಡಿಯವನು ಹೇಳಿದ ಚಿಕಿತ್ಸೆ ಎರಡೇ: ಉಪವಾಸ, ಆಮೇಲೆ ಸಿಪ್ಪೆ ಸುಲಿದ ಬೇಯಿಸಿದ ಹಸಿಬಟಾಣಿ. ಉಪವಾಸದ ಮಾತು ಈ ಮನೆಯಲ್ಲಿ ಎತ್ತುವವರಾರು? ಪಂಚಾಂಗ ತೆಗೆದೆ. ಭಾಗ್ಯವೆಂದರೆ ಭಾಗ್ಯ, ಮರುದಿನ ಏಕಾದಶಿ. "ಅತ್ತೆ, ನಾಳೆ ನಿಮ್ಮ ಜೊತೆ ಅವನೂ ಮಾಡಲಿ" ಎಂದೆ. ಅವರ ಮುಖ ಅರಳಿತು. ಹಸಿವು ಪಾಪ, ವ್ರತ ಪುಣ್ಯ! ದ್ವಾದಶಿ ಬೆಳಿಗ್ಗೆ ಉಪ್ಪು, ಒಗ್ಗರಣೆ ಇಲ್ಲದ ಬಟಾಣಿಯ ಪಾರಣೆಯಾಗಿ ಚಿನ್ನಪ್ಪ ನೆಟ್ಟಗಾದ. ಅಲ್ಲಿಂದ ಏಕಾದಶಿ ತಪ್ಪಿಸಿಲ್ಲ. ಜ್ಯೇಷ್ಠ ಮಾಸದ ನಿರ್ಜಲ ಏಕಾದಶಿಗೆ ಮಾತ್ರ ಅವನಿಗೆ ವಿನಾಯಿತಿ ಸಿಕ್ಕಿದೆ.

ಇಷ್ಟು ಮಡಿವಂತನ ಬಗ್ಗೆ ನಮ್ಮವರು ಓದಿದ ಇನ್ನೊಂದು ಸಂಗತಿಯನ್ನು ಅತ್ತೆಯಿಂದ ಮುಚ್ಚಿಟ್ಟಿದ್ದೇವೆ. ಚಳಿದೇಶದಲ್ಲಿ ಕೊಳ ಹೆಪ್ಪುಗಟ್ಟಿ ಆಮ್ಲಜನಕ ತೀರಿದಾಗ ಗೋಲ್ಡ್ ಫಿಶ್ ತನ್ನ ಮೈಯಲ್ಲೇ ಮದ್ಯಸಾರ ತಯಾರಿಸಿಕೊಂಡು ಬದುಕುತ್ತದೆ. ಇದರ ದಾಯಾದಿ ಕ್ರೂಷಿಯನ್ ಕಾರ್ಪ್ ಮೀನಿನ ರಕ್ತದಲ್ಲಿ ಅಂಥ ಹೊತ್ತಿನಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ದಾಟುವುದುಂಟು. ನಮ್ಮ ಟ್ರಾಫಿಕ್ ಪೊಲೀಸರ ಮಿತಿ 30.

ಮೊನ್ನೆ ಅತ್ತೆ ಕೇಳಿದರು, "ಇದಕ್ಕೆ ಆಯುಸ್ಸು ಎಷ್ಟು?" ಇಂಗ್ಲೆಂಡಿನಲ್ಲಿ 1956ರ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್ ಫಿಶ್ 43 ವರ್ಷ ಬದುಕಿ 1999ರಲ್ಲಿ ತೀರಿಕೊಂಡಿತೆಂದು ನಮ್ಮವರು ಹೇಳಿದರು. ಅದೂ ಪುಕ್ಕಟೆ ಗಿರಾಕಿಯೇ. ಮಗಳು ಲೆಕ್ಕ ಹಾಕಿ, ತಾನು ಮದುವೆಯಾಗುವುದಿಲ್ಲ, ಚಿನ್ನಪ್ಪನನ್ನು ನೋಡಿಕೊಂಡು ಇಲ್ಲೇ ಇರುತ್ತೇನೆ ಎಂದಳು.

"ನಿಂದು ಹಾಗಿರಲಿ," ಎಂದರು ಅತ್ತೆ. "ಅಷ್ಟು ವರ್ಷ ಅದು ಒಂಟಿಯಾಗಿರಬೇಕಾ? ಅದಕ್ಕೊಂದು ಜೊತೆ ನೋಡಿ."

ಇನ್ನೊಂದು ಮೀನೆಂದರೆ ಇನ್ನೂ 40 ಲೀಟರ್. ನಮ್ಮವರು ಟೇಪು ಹಿಡಿದು ಹಾಲ್ ಅಳೆಯುತ್ತಿದ್ದಾರೆ. ಸೋಫಾ ಹೋಗಬೇಕಾಗುತ್ತದಂತೆ.