ಪಟಾಕಿ ಚಿತ್ರಗಳಲ್ಲಿ ಊದಿನಕಡ್ಡಿಯ ಉದ್ದ: ಕೊಪ್ಪಳ ಸೀಮೆಯ ಬಾಲಚಿತ್ರಕಲೆಯ ಒಂದು ಗಂಭೀರ ಅಧ್ಯಯನ

ಸಣ್ಣ ಮಕ್ಕಳಿಗೆ ಪಟಾಕಿಯ ಚಿತ್ರ ಬರೆಯುವುದನ್ನು ಕಲಿಸಲು ಸುಲಭ ವಿಧಾನವೊಂದು ಲೋಕದಲ್ಲಿ ಪ್ರಚಾರದಲ್ಲಿದೆ. ಹಾಳೆಯ ನಡುವೆ ಒಂದು ಚುಕ್ಕೆ ಇಡು, ಅದರ ಸುತ್ತ ಗೆರೆ ಎಳೆ, ಗೆರೆಯ ತುದಿಗೆ ಇನ್ನೊಂದು ಚುಕ್ಕೆ ಇಡು, ಪಟಾಕಿ ಸಿಡಿಯಿತು. ಇದು ಪೂರ್ವಪಕ್ಷ. ಪಟಾಕಿ ಚಿತ್ರದ ಜೀವಾಳ ಆಕಾಶದಲ್ಲಿಲ್ಲ, ನೆಲದ ಮೇಲಿದೆ, ಅದರಲ್ಲೂ ಊದಿನಕಡ್ಡಿಯಲ್ಲಿದೆ ಎಂಬುದು ಸಿದ್ಧಾಂತ. ಇದನ್ನು ಇಲ್ಲಿ ಸಾಧಿಸಲಾಗುವುದು.

ಅಧ್ಯಯನದ ವ್ಯಾಪ್ತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ಜಿಲ್ಲೆ ರಾಯಚೂರಿನಿಂದ ಬೇರೆಯಾದಾಗ ಇದ್ದ ತಾಲ್ಲೂಕುಗಳು ಇವೇ. ಆಮೇಲೆ ಹುಟ್ಟಿದ ಕನಕಗಿರಿ, ಕಾರಟಗಿ, ಕುಕನೂರುಗಳನ್ನು, ಅವು ಇನ್ನೂ ಎಳೆಯ ತಾಲ್ಲೂಕುಗಳೆಂಬ ಕಾರಣಕ್ಕೆ, ಎಳೆಯರ ಈ ಅಧ್ಯಯನದಿಂದ ಕೈಬಿಡಲಾಗಿದೆ. ಕಣ್ಣಿದ್ದವರು ನೋಡಬೇಕಾದ ಕನಕಗಿರಿಯನ್ನೇ ಚಿತ್ರಕಲೆಯ ಪ್ರಬಂಧದಿಂದ ಹೊರಗಿಡುವುದು ವಿದ್ವತ್ತಿಗಲ್ಲದೆ ಬೇರೆ ಯಾರಿಗೆ ಸಾಧ್ಯ?

ಆಕರಗಳು ನಾಲ್ಕು ಬಗೆಯವು: ಡ್ರಾಯಿಂಗ್ ಬುಕ್ಕು, ಪಾಟಿ, ಅಪ್ಪನ ಪಹಣಿಯ ಹಿಂಬದಿ ಮತ್ತು ಮನೆಯ ಗೋಡೆ. ಗೋಡೆಯ ಆಕರಗಳ ಕಾಲನಿರ್ಣಯ ಬಹಳ ಸುಲಭ. ಹಬ್ಬಕ್ಕೆ ಸುಣ್ಣ ಹಚ್ಚಿದಾಗ ಒಂದು ಯುಗ ಮುಗಿಯುತ್ತದೆ, ಹಬ್ಬದ ಮರುದಿನ ಇನ್ನೊಂದು ಯುಗ ಶುರುವಾಗುತ್ತದೆ. ಪಾಟಿಯ ಹೆಚ್ಚುಗಾರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಅದರಲ್ಲಿ ರಾತ್ರಿ ಮೊದಲೇ ಇರುತ್ತದೆ. ಬಿಳಿ ಹಾಳೆಯವರು ಕತ್ತಲೆಗಾಗಿ ಪೆಟ್ಟಿಗೆಯ ಕಪ್ಪು ಬಣ್ಣವನ್ನೆಲ್ಲ ತಿಕ್ಕಿ ಮುಗಿಸಬೇಕು. ಮುಗಿಸಲು ಮನಸ್ಸಿಲ್ಲದವರು ಹಗಲಲ್ಲೇ ಪಟಾಕಿ ಹಾರಿಸುತ್ತಾರೆ. ಮೂಲೆಯಲ್ಲಿ ಸೂರ್ಯ, ಅವನ ಪಕ್ಕದಲ್ಲೇ ರಾಕೆಟ್ಟು, ಕೆಳಗೆ ಎರಡು ತ್ರಿಕೋನದ ಗುಡ್ಡ. ಕಿಟಕಿಯಾಚೆ ಕಾಣುವ ಗಂಗಾವತಿ ಸೀಮೆಯ ಗುಡ್ಡಗಳೆಲ್ಲ ಗುಂಡು ಬಂಡೆಗಳ ರಾಶಿ. ಆದರೂ ಮಕ್ಕಳು ತ್ರಿಕೋನವನ್ನೇ ಬರೆಯುತ್ತಾರೆ. ಇದು ಡ್ರಾಯಿಂಗ್ ಬುಕ್ಕಿನ ಪ್ರಭಾವ. ಬೇರೆ ಪ್ರಬಂಧದ ವಿಷಯ.

ಇತಿಹಾಸಕ್ಕೆ ಬರೋಣ. ಹೊಳೆಯ ಈಚೆ ದಡದ ಆನೆಗೊಂದಿ ಗಂಗಾವತಿ ತಾಲ್ಲೂಕಿನದು, ಆಚೆ ದಡದಲ್ಲಿ ಹಂಪಿ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಮಹಾನವಮಿಯ ಬಾಣಬಿರುಸುಗಳನ್ನು ಕಂಡು, ವಿವರಿಸಲು ಹೊರಟರೆ ಮುಗಿಯದೆಂದು ಕೈಬಿಟ್ಟ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪಾಯೆಸ್, ಒಳಗೇ ಉರಿದು ಬಾಣ ಬಾಂಬುಗಳನ್ನು ಹೊರಗೆಸೆಯುವ ಮದ್ದಿನ ಕೋಟೆಗಳನ್ನು ಕಂಡ. ಅವನಿಗಿಂತ ಮುಂಚಿನ ಇಟಲಿಯ ವರ್ತೆಮಾ, ಇಲ್ಲಿಯವರು ಮದ್ದಿನ ಕೆಲಸದಲ್ಲಿ ನಿಪುಣರು, ಬೆಂಕಿ ಕಂಡರೆ ಆನೆಗಳು ಓಡುತ್ತವೆ ಎಂದು ಬರೆದ. ಆದರೆ ಬತ್ತಿಗೆ ಕಿಡಿ ಮುಟ್ಟಿಸಿದವನು ಯಾರು, ಎಷ್ಟು ಉದ್ದದ ಕಡ್ಡಿಯಿಂದ ಮುಟ್ಟಿಸಿದ, ಮುಟ್ಟಿಸಿ ಎಷ್ಟು ದೂರ ಓಡಿದ? ಮೂವರೂ ಸುಮ್ಮನಿದ್ದಾರೆ. ಓಡಿದ್ದರಲ್ಲಿ ಆನೆಗೆ ಮಾತ್ರ ದಾಖಲೆ ಸಿಕ್ಕಿದೆ. ಎತ್ತರದವರು ಬರೆಯುವ ಇತಿಹಾಸದಲ್ಲಿ ಕತ್ತು ಯಾವಾಗಲೂ ಮೇಲಕ್ಕೇ ಇರುತ್ತದೆ.

ಹಾಗಾದರೆ ನೆಲದ ಕಡೆ ನೋಡುವವರ ಪರಂಪರೆ ಎಲ್ಲಿದೆ? ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಹೋಗಬೇಕು. ಅಲ್ಲಿನ ಬೃಹತ್ ಶಿಲಾಯುಗದ ಕಲ್ಲುಮನೆಗಳ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಗಳಿವೆ. ಪಂಡಿತರು ಇವನ್ನು ಸತ್ತವರ ಸ್ಮಾರಕಗಳೆನ್ನುತ್ತಾರೆ. ಅಲ್ಲಿ ಮೂರಡಿ ಎತ್ತರದ ಜನ ಬಾಳಿದ್ದರೆಂದು ಊರವರು ಹೇಳುತ್ತಾರೆ. ಮೂರಡಿ ಎಂದರೆ ಅಂಗನವಾಡಿಯ ಎತ್ತರ. ಕಿಂಡಿಯಲ್ಲಿ ತೂರಿ ಒಳಗೆ ಹೋಗಿ ಬಚ್ಚಿಟ್ಟುಕೊಳ್ಳುವುದೂ ಅದೇ ವಯಸ್ಸಿನ ಅಭ್ಯಾಸ. ಹತ್ತಿರದ ಬಂಡೆಗಳ ಮೇಲೆ ಕೆಮ್ಮಣ್ಣಿನ ಚಿತ್ರಗಳೂ ಇವೆ. ಉಳಿದದ್ದನ್ನು ಓದುಗರೇ ಊಹಿಸಬಹುದು. ಆ ಚಿತ್ರಗಳಲ್ಲಿ ಪಟಾಕಿ ಯಾಕಿಲ್ಲವೆಂದು ಕೇಳುವ ಕುಹಕಿಗಳಿದ್ದಾರೆ. ಮದ್ದು ಆಗಿನ್ನೂ ಬಂದಿರಲಿಲ್ಲ, ತಪ್ಪು ಮಕ್ಕಳದಲ್ಲ. ಇನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳಲ್ಲಿ ಅಶೋಕ, ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಫಲ ಉಂಟು ಎಂದು ಕೊರೆಸಿದ್ದಾನೆ. ಬಾಲಚಿತ್ರಕಲೆಗೆ ಸಾಮ್ರಾಟನ ಮಾನ್ಯತೆ ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿ ಸಿಕ್ಕೀತು?

ಪಾಶ್ಚಾತ್ಯರನ್ನು ಒಮ್ಮೆಯಾದರೂ ಹೆಸರಿಸದಿದ್ದರೆ ಪ್ರಬಂಧಕ್ಕೆ ಬೆಲೆಯಿಲ್ಲ. ಅಮೆರಿಕದ ರೋಡಾ ಕೆಲಾಗ್ ಲಕ್ಷಗಟ್ಟಲೆ ಬಾಲಚಿತ್ರಗಳನ್ನು ಕೂಡಿಹಾಕಿ, ಮಗುವಿನ ಗೀಚುಗಳಲ್ಲಿ 20 ಮೂಲ ಬಗೆಗಳನ್ನು ಗುರುತಿಸಿ, 1969ರಲ್ಲಿ ಪುಸ್ತಕ ತಂದರು. ಸುತ್ತ ಗೆರೆಗಳುಳ್ಳ ವೃತ್ತ, ಅಂದರೆ ಸೂರ್ಯನ ಆಕಾರ, ಮುಂದೆ ಮನುಷ್ಯನ ಆಕಾರವಾಗುತ್ತದೆ ಎಂಬುದು ಅವರ ಒಂದು ಮುಖ್ಯ ಮಾತು. ಕುಷ್ಟಗಿಯಲ್ಲಿ ಇದನ್ನು ಪರೀಕ್ಷಿಸಲಾಯಿತು.

"ಇದು ಸೂರ್ಯ ಏನವ್ವಾ?"

"ಅಲ್ರೀ ಸರ, ಚಕ್ರಿ."

"ಮತ್ತ ಇದು? ಇದೂ ಚಕ್ರಿನ ಅಲ್ಲ?"

"ಅದು ನಮ್ಮ ಮಾಮಾ ಅದಾನ್ರಿ. ಚಕ್ರಿ ಕಾಲಾಗ ಬಂತು, ಕೂದಲಾ ನಿಂತಾವು."

ಕೆಲಾಗ್ ಗೆದ್ದರು. ಚುಕ್ಕೆ-ಗೆರೆಯ ಪೂರ್ವಪಕ್ಷ ಬಿತ್ತು. ಆ ವಿಧಾನದಲ್ಲಿ ಸೂರ್ಯ, ಚಕ್ರಿ, ಜೇಡ, ಮಾಮಾ ಎಲ್ಲ ಒಂದೇ. ಬೇರ್ಪಡಿಸುವುದು ಊದಿನಕಡ್ಡಿ ಮಾತ್ರ. ಚಕ್ರಿಯಿಂದ ಹೊರಟ ಗೆರೆಯೊಂದು ಮನೆಯನ್ನು ದಾಟಿ, ಎಮ್ಮೆಯನ್ನು ದಾಟಿ, ಹಾಳೆಯ ಅಂಚಿನಲ್ಲಿ ನಿಂತ ಮಾಮಾನ ಕೈ ಸೇರಿತ್ತು. ಇದರಿಂದ ಪ್ರಬಂಧದ ಮುಖ್ಯ ನಿಯಮ ಹೊರಡುತ್ತದೆ: ಊದಿನಕಡ್ಡಿಯ ಉದ್ದ ಹಚ್ಚುವವನ ಅಂಜಿಕೆಗೆ ಸಮಪ್ರಮಾಣದಲ್ಲಿರುತ್ತದೆ. ಸುರುಸುರುಬತ್ತಿಗೆ ಅದು ಬೊಟ್ಟಿನಷ್ಟು, ಹೂಕುಂಡಕ್ಕೆ ಬಾಗಿಲಿನಷ್ಟು, ಆಟಂ ಬಾಂಬಿಗೆ ಹಾಳೆ ಸಾಲುವುದಿಲ್ಲ, ಎದುರಿನ ಪುಟಕ್ಕೂ ಹೋಗುತ್ತದೆ. ಹಾವಿನ ಗುಳಿಗೆಗೆ ಮಾತ್ರ ಕಡ್ಡಿಯೇ ಬರೆಯುವುದಿಲ್ಲ, ಅದಕ್ಕೆ ಯಾರೂ ಅಂಜುವುದಿಲ್ಲ. ಸುಲಭ ಚಿತ್ರ ಬೇಕೆಂದರೆ ಅದೇ ಸುಲಭ: ಕಪ್ಪು ಬಣ್ಣ ಹಿಡಿದು ಕೈ ಹೋದ ಕಡೆ ಬಿಟ್ಟರಾಯಿತು, ಅಚ್ಚು ಹಾಗೇ ಬರುತ್ತದೆ.

ಬಣ್ಣದ ವಿಷಯದಲ್ಲಿ ಬಾಲಕಲಾವಿದರು ಶಿವಕಾಶಿಯನ್ನು ಮೀರಿಸಿದ್ದಾರೆ. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ಹಳದಿಗೆ ಸೋಡಿಯಂ, ನೀಲಿಗೆ ತಾಮ್ರ ಹಾಕಬೇಕು. ನೀಲಿ ಬಲು ಕಷ್ಟ, ಉರಿ ಹೆಚ್ಚಾದರೆ ಬಣ್ಣವೇ ಕೆಡುತ್ತದೆ. ಯಲಬುರ್ಗಾದ ಮಕ್ಕಳಿಗೆ ಆ ಕಷ್ಟವಿಲ್ಲ, ಬೇಕಾದಷ್ಟು ನೀಲಿ ಬಳಿದಿದ್ದಾರೆ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಹಾರಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. ಬೇರಿಯಂ ಬೇಡವೆಂದೂ ಹೇಳಿತು. ಚಿತ್ರದ ಪೀರಿಯಡ್ಡು ಬೆಳಿಗ್ಗೆ 11ಕ್ಕೆ. ಆ ಹೊತ್ತಿಗೇ ಒಂದನೇ ತರಗತಿಯವರು ಹಸಿರು ಬಾಂಬು ಹಾರಿಸುತ್ತಾರೆ. ಡಂ ಎಂಬ ಸದ್ದನ್ನು ಬಾಯಲ್ಲೇ ಮಾಡುತ್ತಾರೆ. ಈ ಸದ್ದಿಗೆ ಡೆಸಿಬಲ್ ಮಿತಿ ಹಾಕಲು ಮಾಸ್ತರರಿಂದಲೂ ಆಗಿಲ್ಲ.

ಮುದ್ರಾವಿಧಾನವನ್ನೂ ಪರಿಶೀಲಿಸಲಾಯಿತು. ಬೆಂಡೆಕಾಯಿಯನ್ನು ತೊಟ್ಟಿನ ಕಡೆ ಅಡ್ಡ ಕೊಯ್ದು, ಬಣ್ಣಕ್ಕೆ ಅದ್ದಿ ಒತ್ತಿದರೆ ದಳದಳವಾದ ಹೂಬಾಣ ಮೂಡುತ್ತದೆ. ಪಲ್ಯಕ್ಕೆ ತಂದದ್ದೆಂದು ಅಡುಗೆಮನೆಯಿಂದ ಬಂದ ಆಕ್ಷೇಪಣೆಯನ್ನು ದಾಖಲಿಸಲಾಗಿದೆ. ಕೊಪ್ಪಳದ ಒಬ್ಬ ಹುಡುಗ ಹಾಳೆಯ ತುಂಬ ಬೆಂಡೆಕಾಯಿ ಸಿಡಿಸಿ, ಕೆಳಗೊಂದು ಬಾಂಬು ಇಟ್ಟು, ಅದರಿಂದ ಊದಿನಕಡ್ಡಿಯನ್ನು ಅಂಚಿನವರೆಗೆ ಎಳೆದು ನಿಲ್ಲಿಸಿದ್ದ. ಕಡ್ಡಿ ಹಿಡಿದವರು ಯಾರೂ ಇರಲಿಲ್ಲ. ನಿಯಮಕ್ಕೆ ಧಕ್ಕೆ ಬಂತೆಂದು ಗಾಬರಿಯಾಗಿ ವಿಚಾರಿಸಿದರೆ, "ನಾನು ಹಾಳಿ ಹಿಂದ ಅದೀನ್ರಿ ಸರ" ಎಂದ. ಹಾಳೆ ತಿರುವಿದರೆ ನಿಜವಾಗಿಯೂ ಇದ್ದ, ಒಂದು ಕೈಯಲ್ಲಿ ಕಡ್ಡಿಯ ತುದಿ, ಇನ್ನೊಂದು ಕಿವಿಯ ಮೇಲೆ.

ಇದರ ಪರಿಣಾಮವಾಗಿ ನಾಲ್ಕೂ ತಾಲ್ಲೂಕುಗಳ ಚಿತ್ರಗಳನ್ನು ಹಿಂಬದಿಯಿಂದ ಮರುಪರಿಶೀಲಿಸಲಾಗುತ್ತಿದೆ. ಗೋಡೆಯ ಮೇಲಿನ ಚಿತ್ರಗಳ ಹಿಂಬದಿ ಪಕ್ಕದ ಮನೆಯವರ ಒಳಗೆ ಬರುವುದರಿಂದ, ಅವರ ಅನುಮತಿ ಕೋರಿ ಅರ್ಜಿ ಸಲ್ಲಿಸಲಾಗಿದೆ.